ಮೀಸಲಕ್ಕಿಯ ಚೀಲ

ಫೆಬ್ರವರಿ 6, 1951, ಮಂಗಳವಾರ. ಕೋಜೆ ದ್ವೀಪ

...ತೆಗೆದಿಟ್ಟ ಮೇಲೆ ಅದು ನಿನ್ನದಲ್ಲ, ಎಂದಿದ್ದಳು. ಅದರ ಬೆನ್ನಿಗೇ ಇನ್ನೊಂದು ಮಾತು ಹೇಳಿದಳು, ಅದು ನೆನಪಾಗುತ್ತಿಲ್ಲ. ನನ್ನ ಗಂಡನ ತಾಯಿ ಒಲೆಯ ಮುಂದೆ ಕುಳಿತು ಹೇಳಿದ್ದು, ನಾನು ಮದುವೆಯಾಗಿ ಹಾಮ್‌ಹುಂಗ್‌ನ ಆ ಮನೆಗೆ ಬಂದ ಮೊದಲ ವಾರ. ಅವಳ ಕೈಯಲ್ಲಿ ಚಮಚವಿತ್ತು, ಚಮಚದಲ್ಲಿ ಹಸಿ ಅಕ್ಕಿ. ಇಪ್ಪತ್ತೇಳು ವರ್ಷದ ಹಿಂದಿನ ಮಾತಿನ ಮೊದಲರ್ಧ ಇಂದು ಡೇರೆಗಳ ನಡುವೆ ನಡೆಯುವಾಗ ಯಾಕೆ ಬಂತೆಂದು ಕೇಳಿಕೊಳ್ಳಬೇಕಾಗಿಲ್ಲ. ಅವಳು ಹೊಲಿದ ಚೀಲವೇ ನನ್ನ ಕೈಯಲ್ಲಿತ್ತು.

ಯುದ್ಧದ ದೆಸೆಯಿಂದ ಊರು ಬಿಟ್ಟು ನಲವತ್ತೊಂಬತ್ತನೆಯ ದಿನ. ಹಳೆಯ ಪಂಚಾಂಗದ ಹೊಸ ವರ್ಷ. ಕಡುಬಿನ ಸಾರು ಕುಡಿಯಬೇಕಾದ ದಿನ ಎಲ್ಲರೂ ಬಾರ್ಲಿ ಅಂಬಲಿ ಕುಡಿದರು. ಕುಡಿದು ಒಬ್ಬರಿಗೊಬ್ಬರು ತಲೆಬಾಗಿ ವಂದಿಸಿದರು.

ಮೀಸಲಕ್ಕಿ ಎತ್ತುವ ಕೆಲಸ ಇಂದು ಶುರು ಮಾಡಿದೆ. ಪ್ರತಿ ಅಡುಗೆಗೆ ಅಕ್ಕಿ ಅಳೆಯುವಾಗ ಒಂದು ಚಮಚ ತೆಗೆದು ಕ್ರೈಸ್ತ ಸಭೆಗೆಂದು ಇಡುವುದು ನಮ್ಮ ಹೆಂಗಸರಿಗೆ ಮೊದಲಿಂದ ಬಂದ ರೂಢಿ. ಇಲ್ಲಿ ಕೊಡುವುದು ಬಹುಪಾಲು ಬಾರ್ಲಿ, ಅದರಲ್ಲಿ ಅಲ್ಲಲ್ಲಿ ಅಕ್ಕಿ. ದೇವರಿಗೆ ಬಾರ್ಲಿ ಕೊಡುವವರಿಲ್ಲ. ಆದ್ದರಿಂದ ಅಕ್ಕಿಯನ್ನು ಕಾಳು ಕಾಳಾಗಿ ಆರಿಸಿ ಚಮಚ ತುಂಬಿಸುತ್ತಾರೆ. ನಲವತ್ತೊಂದು ಡೇರೆಗಳು. ತಾಕ್ ಪಾದ್ರಿಗಳು ಆ ಅಕ್ಕಿ ಮಾರಿ ಸುಣ್ಣ, ತೊಲೆ, ಹೆಂಚು ತರಿಸಿ ಕಲ್ಲಿನ ದೇವಾಲಯ ಕಟ್ಟಬೇಕೆಂದಿದ್ದಾರೆ. ನಾನು ಒಪ್ಪಿದ್ದೇನೆ. ನಿಯಮವಿರುವ ಕಡೆ ಜನ ಬೇಗ ಕುಸಿಯುವುದಿಲ್ಲ.

ಬುಕ್ಚೊಂಗ್ ಅಜ್ಜಿ ಸಭೆಯವಳಲ್ಲ. ಡೇರೆಯ ಬಾಯಲ್ಲಿ ಕುಳಿತು ಚೀಲವನ್ನು ನೋಡಿದಳು.

"ಏನವ್ವಾ ಸಭೆಯಮ್ಮ, ಹಬ್ಬದ ದಿನಾನೇ ಭಿಕ್ಷೆಗೆ ಹೊರಟೆ?"

"ಭಿಕ್ಷೆ ಅಲ್ಲಜ್ಜಿ, ಮೀಸಲು."

"ಹೂಂ. ನಮ್ಮಂಥ ಬರಿಗೈಯೋರ ಮನೇಗ್ ಬರ್ತಾನಲ್ಲ ನಿನ್ ದೇವರು, ಅವನಿಗಿಂತ ಪೊಲೀಸ್ನೋರೇ ವಾಸಿ."

ಅದೇ ಡೇರೆಯ ಇನ್ನೊಂದು ಮೂಲೆಯಲ್ಲಿ ಸಿನ್‌ಪೊದವಳು ಇದ್ದಾಳೆ. ಸಭೆಯವಳು. ಬಾಣಂತಿ. ಗಂಡ ಹುಂಗ್ನಾಮ್ ಬಂದರಿನಲ್ಲಿ ಹಡಗು ಹತ್ತುವ ನೂಕುನುಗ್ಗಲಲ್ಲಿ ಹಿಂದೆ ಉಳಿದನು. ಹೆಣ್ಣು ಕೂಸು ಜನವರಿ ಹದಿಮೂರಕ್ಕೆ ಇಲ್ಲೇ ಹುಟ್ಟಿತು. ಬಾಗಿಲ ಬಳಿ ಕಡಲಸೊಪ್ಪಿನ ಸಾರಿನ ಬೋಗುಣಿ ಇತ್ತು. ಬಾಣಂತಿಗೆ ಅದೊಂದಕ್ಕೆ ಈ ದ್ವೀಪದಲ್ಲಿ ಕೊರತೆಯಿಲ್ಲ. "ಹಾಲಿದೆಯಾ?" ಎಂದೆ. "ಇದೆ" ಎಂದಳು. ಪರಿಹಾರದ ಪಟ್ಟಿಯಲ್ಲಿ ಹಾಗೇ ಬರೆದುಕೊಂಡೆ: ಹಾಲು ಇದೆ. ಎರಡೂ ಕೈಯಲ್ಲಿ ಚಮಚ ಹಿಡಿದು ಅಕ್ಕಿ ಚೀಲಕ್ಕೆ ಹಾಕಿದಳು. ಒಂದು ಕಾಳು ಕೆಳಗೆ ಬಿತ್ತು, ಅದನ್ನೂ ಆರಿಸಿ ಹಾಕಿದಳು.

ಒಳ್ಳೆಯ ಹೆಂಗಸು.

ಫೆಬ್ರವರಿ 11, ಭಾನುವಾರ

ಐವತ್ತನಾಲ್ಕನೆಯ ದಿನ. ಆರಾಧನೆ ಮುಗಿದ ಮೇಲೆ ಎಲ್ಲರೂ ಕಡಲ ದಂಡೆಯಿಂದ ಒಂದೊಂದು ಕಲ್ಲು ಹೊತ್ತು ತಂದರು. ಪಾದ್ರಿಗಳು ಎಲ್ಲರಿಗಿಂತ ದೊಡ್ಡದನ್ನು ಹೊತ್ತರು. ಅವರಿಗಿನ್ನೂ ನಲವತ್ತಾಗಿಲ್ಲ. ಹೆಂಡತಿ, ಇಬ್ಬರು ಮಕ್ಕಳು ಉತ್ತರದಲ್ಲೇ ಉಳಿದಿದ್ದಾರೆ. ಆ ಬಗ್ಗೆ ಅವರು ಮಾತಾಡುವುದಿಲ್ಲ, ಕಲ್ಲಿನ ಬಗ್ಗೆ ಮಾತಾಡುತ್ತಾರೆ.

ಕಲ್ಲು ಹೊತ್ತ ಸಾಲು ನೋಡಿದಾಗ ಹುಂಗ್ನಾಮ್‌ನ ಸಾಲು ನೆನಪಾಯಿತು. ಬಂದರಿನಲ್ಲಿ ಐದು ದಿನ ನಾವು ಸಭೆಯ ಪರಿಹಾರದವರು ಎಣ್ಣೆಯ ಡ್ರಮ್ಮಿನಲ್ಲಿ ನವಣೆ ಗಂಜಿ ಕಾಯಿಸಿ ಹಂಚಿದೆವು. ತೋಳಿಗೆ ಬಿಳಿ ಪಟ್ಟಿ ಕಟ್ಟಿಕೊಂಡಿದ್ದೆ. ಜನರ ಮುಖಗಳು ನೆನಪಿಲ್ಲ, ಅವರು ಹೊತ್ತದ್ದು ನೆನಪಿದೆ. ಒಬ್ಬ ಗೋಡೆ ಗಡಿಯಾರವನ್ನು ಬೆನ್ನಿಗೆ ಕಟ್ಟಿಕೊಂಡಿದ್ದ, ಬಗ್ಗಿದಾಗಲೆಲ್ಲ ಅದು ಗಂಟೆ ಹೊಡೆಯುತ್ತಿತ್ತು. ಒಬ್ಬ ಮುದುಕ ಹೊಲಿಗೆ ಯಂತ್ರದ ತಲೆಯನ್ನು ಮಾತ್ರ ತಂದಿದ್ದ. ಒಬ್ಬಳು ಸೋಯಾ ಸಾರಿನ ಜಾಡಿ ತಂದು ಹಿಮದಲ್ಲಿ ಜಾರಿ ಒಡೆದುಕೊಂಡು, ಒಡೆದ ಚೂರುಗಳನ್ನು ಸೆರಗಿಗೆ ತುಂಬಿಕೊಂಡಿದ್ದಳು. ಯಾಕಮ್ಮ ಎಂದರೆ, ವಾಸನೆ ಇದೆ ನೋಡಿ, ಎಂದು ಮೂಗಿಗೆ ಹಿಡಿದಳು.

ಹಡಗಿಗೆ ನನ್ನ ಹೆಸರು ಕೂಗಿದಾಗ ಗಂಜಿ ಬಡಿಸುತ್ತಿದ್ದೆ. ಸೌಟನ್ನು ಡ್ರಮ್ಮಿನಲ್ಲೇ ಬಿಟ್ಟು ಹೊರಟೆ. ಹತ್ತು ಹೆಜ್ಜೆ ಹೋಗಿ ಹಿಂದಿರುಗಿ ನೋಡಿದರೆ ಸೌಟು ನೆಟ್ಟಗೆ ನಿಂತಿತ್ತು, ಅಷ್ಟು ಗಟ್ಟಿ ಗಂಜಿ. ಸಾಲು ಅದರ ಮುಂದೆ ಸುಮ್ಮನೆ ಕಾಯುತ್ತಿತ್ತು. ಆಮೇಲೆ ಯಾರಾದರೂ ತೆಗೆದುಕೊಂಡಿರಬೇಕು.

ನನ್ನ ಗಂಡನ ತಾಯಿ ಬಂದರಿಗೆ ಬರಲಿಲ್ಲ. "ಮೂರು ದಿನದ ಮಾತಿಗೆ ಅಷ್ಟು ದೂರ ಯಾರು ನಡೀತಾರೆ? ನೀನು ಹೋಗಿ ಬಾ" ಎಂದಳು. ಮೂರು ದಿನದಲ್ಲಿ ಮರಳಿ ಬರಬಹುದು ಎಂದೇ ಎಲ್ಲರೂ ಹೇಳುತ್ತಿದ್ದರು. ಬಾಗಿಲಲ್ಲಿ ಮೀಸಲಕ್ಕಿಯ ಚೀಲ ಕೊಡವಿ, ಮಡಿಸಿ, ನನ್ನ ಕೈಗಿಟ್ಟಳು. ಬಿಳಿ ಹತ್ತಿ ಬಟ್ಟೆ, ಮೇಲೆ ಕಪ್ಪು ದಾರದಲ್ಲಿ ಶಿಲುಬೆ. ಅಕ್ಕಿಯಿಲ್ಲದ ಚೀಲ ಯಾಕೆ ಕೊಟ್ಟಳೋ. ಎಪ್ಪತ್ತನಾಲ್ಕು ವರ್ಷದವರು ಮಾಡುವುದಕ್ಕೆಲ್ಲ ಕಾರಣ ಇರಬೇಕಿಲ್ಲ.

ಫೆಬ್ರವರಿ 17, ಶನಿವಾರ

ಬುಕ್ಚೊಂಗ್ ಅಜ್ಜಿ ದಾರಿಗೆ ಅಡ್ಡ ಬಂದು ಚೀಲ ಹಿಡಿದುಕೊಂಡಳು. ಎಳೆದರೆ ಹರಿಯುತ್ತದೆಂದು ನಾನೂ ನಿಂತೆ.

"ನೀನು ಕಣ್ಣಿಟ್ಕೊಂಡು ಕುರುಡಿಯೇನೇ?"

"ಏನಾಯ್ತಜ್ಜಿ?"

"ಅವಳ ಎದೇಲಿ ಹಾಲು ಬತ್ತಿ ಹನ್ನೆರಡು ದಿನ ಆಯ್ತು. ಜ್ವರ ಬಂತಲ್ಲ, ಅವತ್ತೇ ಹೋಯ್ತು. ಬಾರ್ಲಿ ನೀರು ಕುಡಿಸ್ತಾಳೆ, ಅದು ಕಕ್ಕುತ್ತೆ. ನೀನು ಬಂದಾಗ ಮಾತ್ರ ಕೂಸನ್ನ ಸೆರಗಿನೊಳಗೆ ಇಟ್ಕೊಂಡು ಕೂತಿರ್ತಾಳೆ."

"ಹಾಲಿದೆ ಅಂದಳಲ್ಲ."

"ಮತ್ತೇನಂತಾಳೆ? ಮೊದಲ ಕೂಸು, ಪಕ್ಕದಲ್ಲಿ ಗಂಡ ಇಲ್ಲ, ಎದೇಲಿ ಹಾಲೂ ಇಲ್ಲ ಅಂತ ಪಟ್ಟಿ ಹಿಡ್ಕೊಂಡು ನಿಂತೋಳ ಮುಂದೆ ಹೇಳ್ತಾಳೆಯೇ? ಸಾರಿನ ಬೋಗುಣಿ ನೋಡಿ ಬರ್ಕೊಂಡು ಹೋದೆಯಂತೆ. ನಾನು ಮೂರು ಹೆತ್ತಿದೀನಿ. ಸಾರು ಕುಡಿದ್ರೆ ಹಾಲು ಬರೋ ಹಾಗಿದ್ರೆ ಈ ದ್ವೀಪದ ಗಂಡಸ್ರಿಗೂ ಬರಬೇಕಿತ್ತು."

ಒಳಗೆ ಹೋದೆ. ಸಿನ್‌ಪೊದವಳು ಮುಖ ಬೇರೆ ಕಡೆ ತಿರುಗಿಸಿದಳು. ಸೆರಗು ಸರಿಸಿ ನೋಡಿದೆ. ಕೂಸಿನ ತೊಡೆಯ ಚರ್ಮ ಮಡಿಕೆ ಬಿದ್ದಿದೆ. ಅಳುತ್ತಿರಲಿಲ್ಲ. ಅಳದಿರುವುದು ಏನೆಂದು ಬಂದರಿನಲ್ಲಿ ನೋಡಿ ಗೊತ್ತಿದೆ.

ಹುಟ್ಟಿ ಮೂವತ್ತಾರು ದಿನ. ನೂರು ದಿನ ತುಂಬುವವರೆಗೆ ಹೆಸರಿಡುವುದಿಲ್ಲ ಎಂದಿದ್ದಾಳೆ. ಉಳಿದರೆ ಹೆಸರು. ಅಜ್ಜಿ ಅದನ್ನು 'ತಿಪ್ಪಿ' ಎನ್ನುತ್ತಾಳೆ. ಕಸದ ಹೆಸರು ಇಟ್ಟರೆ ಸಾವು ತಿರುಗಿ ನೋಡುವುದಿಲ್ಲವಂತೆ. ಸಭೆಯವರು ಹಾಗೆ ಕರೆಯಬಾರದೆಂದು ಹೇಳಿದೆ. "ನೀನು ಕರೀಬೇಡ ಬಿಡು" ಎಂದಳು.

ಪರಿಹಾರ ಸಮಿತಿಯ ಕಚೇರಿಗೆ ಹೋಗಿ ಕೇಳಿದೆ. ಹಾಲಿನ ಪುಡಿ ಮುಂದಿನ ಹಡಗಿಗೆ. ಅಕ್ಕಿ ಬೇರೆಯಾಗಿ ಕೊಡುವುದಿಲ್ಲ. ಪಟ್ಟಿಯಲ್ಲಿ 'ಇದೆ' ಎಂಬುದನ್ನು ಹೊಡೆದು 'ಇಲ್ಲ' ಎಂದು ಬರೆದೆ. ಪೆನ್ಸಿಲ್ ಮೊನೆ ಮುರಿಯಿತು.

ಇಂದೂ ಅವಳು ಚಮಚ ನೀಡಿದಳು. ಇಂದೂ ತೆಗೆದುಕೊಂಡೆ. ಬೇಡವೆಂದರೆ ಅವಳನ್ನು ಬಡವಿ ಎಂದು ನಾಲ್ಕು ಜನರ ಮುಂದೆ ಕರೆದಂತೆ.

ಫೆಬ್ರವರಿ 19, ಸೋಮವಾರ

ಪಾದ್ರಿಗಳ ಬಳಿ ಹೋದೆ. ಅವರು ಕಲ್ಲುಗಳನ್ನು ಗಾತ್ರ ನೋಡಿ ಬೇರೆ ಬೇರೆ ಗುಡ್ಡೆ ಮಾಡುತ್ತಿದ್ದರು. ಡೇರೆಗಳಲ್ಲಿದ್ದ ಬಿಳಿ ಅಕ್ಕಿಯೆಲ್ಲ ಈಗ ನಮ್ಮ ಮೀಸಲಕ್ಕಿಯ ಜಾಡಿಯಲ್ಲಿದೆ, ದಿನಕ್ಕೆ ಮೂರು ಚಮಚ ಸಾಕು, ಗಂಜಿಯ ತಿಳಿ ಮಾಡಿ ಕುಡಿಸುತ್ತೇನೆ ಎಂದೆ.

"ಜಾಡಿಯಿಂದ ಬೇಡ, ಸಹೋದರಿ. ನನ್ನ ಪಾಲಿನ ಅಕ್ಕಿ ಇದೆ, ತಗೊಂಡು ಹೋಗಿ."

"ನಿಮ್ಮದು ಎರಡು ದಿನಕ್ಕೂ ಬರಲ್ಲ."

"ಗೊತ್ತು. ಆಮೇಲೆ ಬೇರೆ ಯಾರದಾದರೂ ಕೇಳೋಣ. ಮೀಸಲು ನಂದಲ್ಲ, ನಿಮ್ಮದೂ ಅಲ್ಲ. ಇವತ್ತು ಒಂದು ಕೂಸಿಗೆ ಅಂತ ತೆಗೆದರೆ ನಾಳೆ ಯಾರ ಮನೆ ಕೂಸಿಗೆ ಇಲ್ಲ ಅಂತೀರಿ?"

"ನಾಳೆಯೂ ತೆಗೆಯೋದು."

"ಆಮೇಲೆ ಗೋಡೆ?"

ಅವರು ಕೈಯ ಧೂಳು ಒರೆಸಿಕೊಂಡು ಮೆಲ್ಲಗೆ ಹೇಳಿದರು: "ಈ ಜನ ಮನೆ ಬಿಟ್ಟರು, ಹೊಲ ಬಿಟ್ಟರು, ಸಮಾಧಿ ಬಿಟ್ಟರು. ದೇವರಿಗೆ ಅಂತ ತೆಗೆದಿಟ್ಟದ್ದನ್ನ ಮುಟ್ಟಲಿಲ್ಲ ಅನ್ನೋದೊಂದು ಉಳಿದಿದೆ. ಅದನ್ನೂ ನಾನೇ ತೆಗೀಲೇ?"

ಅವರು ಹೇಳಿದ್ದು ತಪ್ಪಲ್ಲ. ಇಪ್ಪತ್ತೆರಡು ವರ್ಷದವಳಿದ್ದಾಗ ನಾನೂ ಇದನ್ನೇ ಹೇಳಿದ್ದೆ, ಇನ್ನೂ ಜೋರಾಗಿ.

ಅವರ ಅಕ್ಕಿ ಇಸಿದುಕೊಂಡು ಬಂದೆ. ಒಂದು ಬೋಗುಣಿಗೂ ಕಡಿಮೆ.

ಫೆಬ್ರವರಿ 22

ತೆಗೆದೆ. ಮೂರು ಚಮಚ. ಮುಚ್ಚಳ ಮತ್ತೆ ಹಾಕಿದೆ.

ಫೆಬ್ರವರಿ 26, ಸೋಮವಾರ

ಕೂಸಿಗೆ ನಲವತ್ತೈದು.

ಬೆಳಗಿನ ಪ್ರಾರ್ಥನೆಗೆ ಮೊದಲು ಜಾಡಿಯಿಂದ ತೆಗೆಯುತ್ತೇನೆ. ಅಂಬಲಿ ಡ್ರಮ್ಮಿನ ಪಕ್ಕದ ಕಲ್ಲೊಲೆಯಲ್ಲಿ ಅಕ್ಕಿ ಕರಗುವವರೆಗೆ ಬೇಯಿಸಿ, ಬಟ್ಟೆಯಲ್ಲಿ ಹಿಂಡಿ, ತಿಳಿಯನ್ನು ಡಬ್ಬಿಯಲ್ಲಿ ತೆಗೆದುಕೊಂಡು ಹೋಗುತ್ತೇನೆ. ಎಲ್ಲಿಂದ ಬಂತೆಂದು ಅವಳು ಕೇಳಿದಳು. ಸಮಿತಿಯಿಂದ ಎಂದೆ. ನಂಬಿದಳು, ಅಥವಾ ನಂಬಿದಂತೆ ಮಾಡಿದಳು. ಆಮೇಲೆ ಎರಡೂ ಕೈಯಲ್ಲಿ ಚಮಚ ಹಿಡಿದು ಮೀಸಲಕ್ಕಿ ಕೊಟ್ಟಳು. ಅದನ್ನು ಜಾಡಿಗೆ ಹಾಕಿದೆ. ನಾಳೆ ಅದನ್ನೇ ತೆಗೆದು ಬೇಯಿಸಿ ಅವಳಿಗೆ ತರುತ್ತೇನೆ. ನಾಡಿದ್ದು ಅವಳು ಮತ್ತೆ ಕೊಡುತ್ತಾಳೆ. ಹೀಗೆ ಸುತ್ತುವುದರಲ್ಲಿ ದೇವರು ಎಲ್ಲಿ ನಿಂತಿದ್ದಾನೆಂದು ಯೋಚಿಸಿದೆ. ಯೋಚಿಸುತ್ತಿದ್ದಂತೆ ಗಂಜಿ ಉಕ್ಕಿತು.

1927ರ ವಸಂತದ ಬಗ್ಗೆ ಬರೆದಿಟ್ಟುಬಿಡುತ್ತೇನೆ. ಇದುವರೆಗೆ ಎಲ್ಲೂ ಬರೆದಿಲ್ಲ.

ಆ ವರ್ಷ ಪಕ್ಕದ ಮನೆಯ ನೇಕಾರನ ಹೆಂಡತಿ ಹೆತ್ತಳು. ಮನೆಯಲ್ಲಿ ಜೋಳದ ಸಿಪ್ಪೆಯೂ ಇರಲಿಲ್ಲ. ಅತ್ತೆ ಮೀಸಲಕ್ಕಿಯ ಮಡಕೆಗೆ ಕೈ ಹಾಕಿ ಅಕ್ಕಿ ತೆಗೆದು ಗಂಜಿ ಮಾಡಿ ಕೊಟ್ಟಳು. ಒಂದು ದಿನವಲ್ಲ, ಒಂದು ತಿಂಗಳು. ನಾನು ಆಗಷ್ಟೇ ಬೈಬಲ್ ಶಾಲೆಗೆ ಸೇರಿದ್ದೆ. ನಮ್ಮ ಮನೆಯಲ್ಲಿ ಪಾಪ ನಡೆಯುತ್ತಿದೆ ಎಂದು ಸಭೆಯ ಹಿರಿಯರ ಮುಂದೆ ಹೋಗಿ ಹೇಳಿದೆ. ಯಾರೂ ಕೇಳಿರಲಿಲ್ಲ. ನಾನೇ ಹೋದೆ, ಹೊಸ ಸಾಕ್ಸು ಹಾಕಿಕೊಂಡು.

ಆರು ತಿಂಗಳು ಅತ್ತೆಯನ್ನು, ರೊಟ್ಟಿಯ ತಟ್ಟೆ ಒಬ್ಬರಿಂದ ಒಬ್ಬರಿಗೆ ಹೋಗುವ ಕರ್ತನ ಭೋಜನದಿಂದ ಹೊರಗಿಟ್ಟರು. ಆ ಭಾನುವಾರಗಳಲ್ಲಿ ಆಕೆ ಹಿಂದೆ, ಚಪ್ಪಲಿಗಳ ಪಕ್ಕ ಕೂತಳು. ನಾನು ಮುಂದೆ ಕೂತಿದ್ದೆ, ಹಿಂದಿರುಗಿ ನೋಡಲಿಲ್ಲ. ಮನೆಯಲ್ಲಿ ಆಕೆ ಅದರ ಮಾತು ಒಮ್ಮೆಯೂ ಎತ್ತಲಿಲ್ಲ. ತೀರ್ಪಾದ ದಿನ ಸಂಜೆ ನನಗೆ ಬಡಿಸಿದ ಅನ್ನದ ಅಳತೆ ಎಂದಿನಷ್ಟೇ ಇತ್ತು. ಅದನ್ನು ನೋಡಿದ್ದು ನೆನಪಿದೆ, ಅಳತೆ ನೋಡಿದ್ದು.

ಮಾರ್ಚ್ 9, ಶುಕ್ರವಾರ

ಇನ್ನೆರಡು ಕೂಸುಗಳು. ಇಪ್ಪತ್ತೊಂಬತ್ತನೇ ಡೇರೆಯದು, ಮೂವತ್ತೆಂಟನೆಯದು. ದಿನಕ್ಕೆ ಒಂಬತ್ತು ಚಮಚ. ಜಾಡಿ ಇಳಿಯಬೇಕಿತ್ತು. ಮೂರು ದಿನದಿಂದ ನೋಡುತ್ತಿದ್ದೇನೆ, ಇಳಿಯುತ್ತಿಲ್ಲ.

ಇಂದು ಕಾರಣ ಕಂಡಿತು. ಹೆಂಗಸರು ಚಮಚವನ್ನು ಗೋಪುರದಂತೆ ತುಂಬಿಸಿ ಕೊಡುತ್ತಿದ್ದಾರೆ. ಯಾರೂ ಏನೂ ಹೇಳುವುದಿಲ್ಲ. ಹದಿನಾಲ್ಕನೇ ಡೇರೆಯವಳು ಎರಡು ಸಲ ಹಾಕಿ, "ನಿನ್ನೆ ಮರೆತಿದ್ದೆ" ಎಂದಳು. ನಿನ್ನೆ ಮರೆತಿರಲಿಲ್ಲ.

ಬುಕ್ಚೊಂಗ್ ಅಜ್ಜಿ ತಾನಾಗಿ ಚೀಲದ ಬಾಯಿ ಅಗಲಿಸಿದಳು.

"ನೀವೂ ಸಭೆ ಸೇರ್ತೀರಾ ಅಜ್ಜಿ?"

"ನಿನ್ನ ಸಭೆಗೆ ಬೆಂಕಿ ಬೀಳ. ಇದು ನಿನ್ ದೇವರಿಗಲ್ಲ, ಆ ತಿಪ್ಪಿ ಮೂತಿಗೆ. ಬೇರೆ ಮಾಡಿ ಬೇಯಿಸು, ನಿಮ್ಮೋರ ಅಕ್ಕಿ ಜೊತೆ ಸೇರಿಸಬೇಡ."

"ಹೆಂಗಜ್ಜಿ ಬೇರೆ ಮಾಡ್ಲಿ? ಎಲ್ಲಾ ಬೆಳ್ಳಗೇ ಇದೆ."

"ಹಾಗಾದ್ರೆ ನಿನ್ ದೇವರಿಗೂ ಒಂದೆರಡು ಕಾಳು ಹೋಗ್ಲಿ, ಪಾಪ."

ನಗು ಬಂತು. ನಕ್ಕು ಎಷ್ಟು ದಿನವಾಯಿತೆಂದು ಲೆಕ್ಕ ಹಾಕಲು ಹೋಗಿ, ಊರು ಬಿಟ್ಟ ದಿನಗಳ ಲೆಕ್ಕ ಎಲ್ಲೋ ತಪ್ಪಿದೆ ಎಂದು ಗೊತ್ತಾಯಿತು. ಕೂಸಿಗೆ ಐವತ್ತಾರು. ಇದು ಸರಿಯಿದೆ.

ಪಿಲ್ಯೊ ಇಂದು ಮೊದಲ ಸಲ ತನ್ನ ಹೆಸರು ಹೇಳಿದಳು. ಯಾಂಗ್ ಪಿಲ್ಯೊ. ಪಟ್ಟಿಯಲ್ಲಿ 'ಸಿನ್‌ಪೊದವಳು' ಎಂದಿತ್ತು, ತಿದ್ದಿದೆ.

ಅತ್ತೆಯ ಮಾತಿನ ಉಳಿದರ್ಧವೂ ಇಂದು ಬಂತು. ಗಂಜಿ ಹಿಂಡುವಾಗ, ಸುಮ್ಮನೆ. "ತೆಗೆದಿಟ್ಟ ಮೇಲೆ ಅದು ನಿಂದಲ್ಲ. ಯಾರದೋ ಅವರು ಕೇಳ್ಕೊಂಡು ಬರ್ತಾರೆ." ಇಷ್ಟೇ. ಇಪ್ಪತ್ತೇಳು ವರ್ಷ ಇದನ್ನು ಮರೆತು ಮೊದಲರ್ಧವನ್ನೇ ಎಷ್ಟೋ ಮನೆಗಳಲ್ಲಿ ಉಪದೇಶ ಮಾಡಿದ್ದೇನೆ.

ಮಾರ್ಚ್ 16

ಯಾರಾದರೂ ಹೋಗಿ ಪಾದ್ರಿಗಳಿಗೆ ಹೇಳುತ್ತಾರೆ ಎಂದು ಕಾಯುತ್ತಿದ್ದೇನೆ. ನಲವತ್ತೊಂದು ಡೇರೆಗಳಲ್ಲಿ ಅಂದಿನ ನನ್ನಂಥ ಇಪ್ಪತ್ತೆರಡು ವರ್ಷದ ಹೆಂಗಸರು ಎಷ್ಟೋ ಜನ ಇದ್ದಾರೆ. ಯಾರೂ ಹೋಗುತ್ತಿಲ್ಲ.

ಹಾಗಾದರೆ ನಾನೇ ಹೋಗಬೇಕು. ಹೇಳಿ ಅಭ್ಯಾಸವಿರುವವಳು ನಾನು.

ಮಾರ್ಚ್ 18, ಭಾನುವಾರ

ಆರಾಧನೆ ಮುಗಿದ ಮೇಲೆ ಎದ್ದು ನಿಂತು ಹೇಳಿದೆ. ಫೆಬ್ರವರಿ ಇಪ್ಪತ್ತೆರಡರಿಂದ ದಿನವೂ ಜಾಡಿಯಿಂದ ಅಕ್ಕಿ ತೆಗೆದಿದ್ದೇನೆ, ಮೂರು ಕೂಸುಗಳಿಗೆ ಗಂಜಿ ಮಾಡಿದ್ದೇನೆ, ಕೇಳಿದವರಿಗೆ ಸುಳ್ಳು ಹೇಳಿದ್ದೇನೆ. ಸುಳ್ಳಿಗೆ ಕ್ಷಮೆ ಕೇಳುತ್ತೇನೆ. ಗಂಜಿಗೆ ಕೇಳುವುದಿಲ್ಲ.

ಪಾದ್ರಿಗಳು ಎಲ್ಲರನ್ನೂ ಕಳಿಸಿ, ಇಬ್ಬರು ಹಿರಿಯರನ್ನು ಮಾತ್ರ ಇಟ್ಟುಕೊಂಡರು.

"ನನ್ನತ್ರ ಬಂದು ಒಬ್ಬರೇ ಹೇಳಬಹುದಿತ್ತು."

"ಬಂದಿದ್ದೆ."

"ಸಭೆ ಮುಂದೆ ಹೇಳಿದ ಮೇಲೆ ನಾನು ಸುಮ್ಮನಿರೋಕಾಗಲ್ಲ ಸಹೋದರಿ."

"ಸುಮ್ಮನಿರಿ ಅಂತ ನಾನೂ ಕೇಳ್ತಿಲ್ಲ."

"ಮೂರು ತಿಂಗಳು. ಕರ್ತನ ಭೋಜನದಿಂದ." ಅವರು ಕೈ ಚಾಚಿದರು. "ಮೀಸಲು ಎತ್ತೋ ಕೆಲಸ ಬೇರೆಯವರಿಗೆ. ಚೀಲ ಕೊಡಿ."

ಚೀಲದಲ್ಲಿದ್ದ ಅಕ್ಕಿಯನ್ನು ಜಾಡಿಗೆ ಸುರಿದೆ. ಮೂಲೆಗಳನ್ನು ಹೊರಳಿಸಿ ಒಂದು ಕಾಳೂ ಉಳಿಯದಂತೆ ಕೊಡವಿದೆ. ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡೆ.

"ಅಕ್ಕಿ ಸಭೆಯದು. ಚೀಲ ನಮ್ಮತ್ತೆಯದು."

ಹಿರಿಯರಲ್ಲಿ ಒಬ್ಬರು ಏನೋ ಹೇಳಲು ಬಾಯಿ ತೆರೆದರು. ಪಾದ್ರಿಗಳು ಕೈಯೆತ್ತಿ ತಡೆದರು.

ಅವರ ತೀರ್ಪು ನ್ಯಾಯವೆಂದೇ ನನಗೆ ಅನಿಸುತ್ತದೆ. ನಿಯಮ ಇರಲಿ. ನಾಳೆ ಬೆಳಿಗ್ಗೆ ಕೂಸಿಗೆ ಅರವತ್ತಾರನೇ ದಿನ, ನನ್ನ ಚೀಲದಲ್ಲಿ ಏನೂ ಇಲ್ಲ. ಈಗ ಅದೊಂದೇ ವಿಷಯ.

ಮಾರ್ಚ್ 19, ಸೋಮವಾರ

ಖಾಲಿ ಚೀಲ ಹಿಡಿದು ಹೊರಟೆ. ಪ್ರತಿ ಡೇರೆಯ ಬಾಯಲ್ಲೂ ಒಂದೇ ಮಾತು ಹೇಳಿದೆ: "ಇದು ಮೀಸಲಲ್ಲ. ಮೀಸಲು ಎತ್ತೋಕೆ ಬೇರೆಯವರು ಬರ್ತಾರೆ, ಅವರಿಗೆ ಕೊಡಬೇಕಾದ್ದು ಕೊಡಿ. ಇದು ಕೂಸುಗಳಿಗೆ. ಇಲ್ಲ ಅಂದ್ರೂ ಬೇಜಾರಿಲ್ಲ."

ಮೊದಲ ಡೇರೆಯವಳು ಒಳಗೆ ಹೋಗಿ ಪರದೆ ಎಳೆದುಕೊಂಡಳು. ಎರಡನೆಯವಳು ಗಂಡನ ಮುಖ ನೋಡಿದಳು. ಮೂರನೆಯದರಲ್ಲಿ ಯಾರೂ ಇರಲಿಲ್ಲ. ನಾಲ್ಕು, ಐದು, ಆರು. ಕಾಲು ಮುಂದೆ ಇಡುವುದಷ್ಟೇ ಕೆಲಸ ಎಂದುಕೊಂಡು ನಡೆದೆ. ಹುಂಗ್ನಾಮ್‌ನಲ್ಲಿ ಹಿಮದ ಮೇಲೆ ನಡೆದದ್ದೂ ಹೀಗೆಯೇ.

ಏಳನೆಯದರಲ್ಲಿ ಅರ್ಧ ಚಮಚ ಸಿಕ್ಕಿತು. ಆಮೇಲೆ ಬುಕ್ಚೊಂಗ್ ಅಜ್ಜಿ ನನ್ನ ಜೊತೆ ಹೊರಟಳು. ಅವಳದು ಬೇರೆ ಉಪದೇಶ.

"ಏಯ್, ಒಳಗಿದೀಯಾ? ಈಚೆಗೆ ಬಾ! ನೀನು ಹುಟ್ಟಿದಾಗ ನಿಮ್ಮವ್ವ ಕಲ್ಲು ತಿನ್ನಿಸಿದ್ಳೇನು? ತಾ ಒಂದು ಚಮಚ."

"ಅಜ್ಜಿ, ಹಾಗೆಲ್ಲ ಬೈದು ಕೇಳಬಾರದು."

"ನೀನು ನಯವಾಗಿ ಕೇಳಿದೆಯಲ್ಲ, ಎಷ್ಟು ಸಿಕ್ತು ತೋರ್ಸು."

ನಲವತ್ತೊಂದರಲ್ಲಿ ಇಪ್ಪತ್ತಾರು. ಎರಡು ದಿನಕ್ಕೆ ಸಾಕು. ಹಿಂದಿರುಗುವಾಗ ಮೊದಲ ಡೇರೆಯವಳು ಪರದೆ ಸರಿಸಿ ಕರೆದಳು. ಮುಷ್ಟಿಯಲ್ಲಿ ಅಕ್ಕಿ ಬೆಚ್ಚಗಿತ್ತು. ಬೆಳಗಿನಿಂದ ಹಿಡಿದುಕೊಂಡೇ ಇದ್ದಿರಬೇಕು.

ಪಿಲ್ಯೊಗೆ ಈಗ ಎಲ್ಲ ಗೊತ್ತಿದೆ. ಡಬ್ಬಿ ಇಸಿದುಕೊಳ್ಳುವಾಗ ಅತ್ತಳು. ಅಳುವುದನ್ನು ನಿಲ್ಲಿಸಿ ಮೊದಲು ಕುಡಿಸು, ಆರಿಹೋಗುತ್ತದೆ ಎಂದೆ. ಸ್ವಲ್ಪ ಗಡುಸಾಗಿ ಹೇಳಿದೆನೇನೋ.

ಮಾರ್ಚ್ 25, ಪುನರುತ್ಥಾನದ ಭಾನುವಾರ

ಕರ್ತನ ಭೋಜನ. ಬಾರ್ಲಿ ಹಿಟ್ಟಿನ ರೊಟ್ಟಿ. ತವರದ ತಟ್ಟೆ.

ತಟ್ಟೆ ನನ್ನನ್ನು ದಾಟಿ ಹೋಯಿತು.

ಏಪ್ರಿಲ್ 4, ಬುಧವಾರ

ಕಳೆದ ವಾರ ಹಾಲಿನ ಪುಡಿ ಬಂತು. ಪೀಪಾಯಿಗಟ್ಟಲೆ. ಹೇಗೆ ಕಲಸಬೇಕೆಂದು ಅದರ ಮೇಲೆ ಬರೆದದ್ದು ನಮಗೆ ಓದಲು ಬರಲಿಲ್ಲ. ಗಟ್ಟಿಯಾಗಿ ಕಲಸಿದರೆ ಬಲ ಹೆಚ್ಚು ಎಂದು ತಾಯಂದಿರು ಗಟ್ಟಿಯಾಗಿಯೇ ಕಲಸಿದರು. ನಾನೂ ಬೇಡ ಅನ್ನಲಿಲ್ಲ. ಮೂರು ಕೂಸುಗಳಿಗೂ ಭೇದಿ ಶುರುವಾಯಿತು.

ಇಪ್ಪತ್ತೊಂಬತ್ತನೇ ಡೇರೆಯ ಕೂಸು ಇಂದು ಮಧ್ಯಾಹ್ನ ಹೋಯಿತು. ಗಂಡು. ತೊಂಬತ್ತು ದಿನ. ಹೆಸರಿರಲಿಲ್ಲ. ಪಾದ್ರಿಗಳು ಅದನ್ನು ತಾವೇ ಎತ್ತಿಕೊಂಡು ಗುಡ್ಡಕ್ಕೆ ಹೋದರು. ಗೋಡೆಗೆಂದು ಆರಿಸಿಟ್ಟಿದ್ದ ಕಲ್ಲುಗಳಲ್ಲಿ ಒಂದನ್ನು ಕಂಕುಳಲ್ಲಿ ಹಿಡಿದುಕೊಂಡಿದ್ದರು.

ತಿಪ್ಪಿ ಎರಡು ದಿನದಿಂದ ಕಣ್ಣು ಬಿಟ್ಟಿಲ್ಲ. ಪುಡಿ ನಿಲ್ಲಿಸಿ ಮತ್ತೆ ಗಂಜಿಯ ತಿಳಿ, ಉಪ್ಪು ಒಂದು ಚಿಟಿಕೆ. ಒಂದೊಂದೇ ಹನಿ. ಬೆರಳು ಅದ್ದಿ ತುಟಿಗೆ ಮುಟ್ಟಿಸುವುದು, ಕಾಯುವುದು, ಮತ್ತೆ ಅದ್ದುವುದು. ಪಿಲ್ಯೊ, ಅಜ್ಜಿ, ನಾನು ಸರದಿಯಲ್ಲಿ ಮಾಡುತ್ತಿದ್ದೇವೆ. ಇವತ್ತು ಎಂಬತ್ತೆರಡು.

ಬಿಡುವುದಿಲ್ಲ.

ಏಪ್ರಿಲ್ 7

ಅತ್ತಿತು. ಇಡೀ ಡೇರೆ ಕೇಳುವ ಹಾಗೆ. ಅಜ್ಜಿ ಹೊರಗೆ ಹೋಗಿ, "ಕೇಳಿದ್ರಾ? ಕೇಳಿದ್ರಾ ದನೀನ? ಜಗಳಗಂಟಿ ಆಗ್ತಾಳೆ, ನನ್ ಹಾಗೆ!" ಎಂದು ಸಾಲಿನುದ್ದಕ್ಕೂ ಕೂಗಿಕೊಂಡು ಹೋದಳು.

ಏಪ್ರಿಲ್ 22, ಭಾನುವಾರ

ನೂರು.

ನೂರನೇ ದಿನದ ಬಿಳಿ ಕಡುಬನ್ನು ನೂರು ಮನೆಗೆ ಹಂಚಿದರೆ ಕೂಸಿಗೆ ಆಯುಸ್ಸು ಎನ್ನುತ್ತಾರೆ. ನಮಗಿರುವುದು ನಲವತ್ತೊಂದು ಡೇರೆ. ಅಜ್ಜಿ ಎರಡು ಸುತ್ತು ಹೋದರಾಯಿತು ಎಂದಳು. ಅಕ್ಕಿ ಎಲ್ಲರೂ ಕೊಟ್ಟರು. ಬೆಳಿಗ್ಗೆ ನಾನು ಒಲೆ ಹೊತ್ತಿಸುವಾಗ ತಾಕ್ ಪಾದ್ರಿಗಳು ಬಂದು ಒಂದು ಬೋಗುಣಿ ಅಕ್ಕಿ ಕಲ್ಲಿನ ಮೇಲಿಟ್ಟರು.

"ಇದು ಜಾಡಿಯದಲ್ಲ. ನಂದು."

"ಗೊತ್ತು."

"ಗೋಡೆ ಕೆಲಸ ಬಾರ್ಲಿ ಕೊಯ್ಲಿನ ತನಕ ನಿಲ್ಲಿಸಿದೀನಿ. ಜನಕ್ಕೆ ಕಲ್ಲು ಹೊರೋ ಶಕ್ತಿ ಇಲ್ಲ." ಬೋಗುಣಿಯನ್ನು ನನ್ನ ಕಡೆ ಸರಿಸಿದರು. "ನಿಮ್ಮ ಶಿಕ್ಷೆ ಜೂನ್ ಹದಿನೆಂಟಕ್ಕೆ ಮುಗಿಯುತ್ತೆ. ಕಡಿಮೆ ಮಾಡೋಕೆ ಆಗಲ್ಲ."

"ಬೇಡ. ಮಾಡಬೇಡಿ."

ಅವರು ತಲೆಯಾಡಿಸಿ, ಬಗ್ಗಿ ಒಲೆಗೆ ಎರಡು ಪುಳ್ಳೆ ಹಾಕಿ ಹೋದರು.

ಕಡುಬು ಉಗುರಿನಷ್ಟು ಉಗುರಿನಷ್ಟು ಕತ್ತರಿಸಿದೆವು. ಪಿಲ್ಯೊ ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ತಟ್ಟೆ ಹಿಡಿದು ಡೇರೆಯಿಂದ ಡೇರೆಗೆ ಹೋದಳು. ತಟ್ಟೆಯನ್ನು ಬರಿದಾಗಿ ಹಿಂದಿರುಗಿಸುವ ಹಾಗಿಲ್ಲ, ಉದ್ದನೆಯ ನೂಲು ಇಟ್ಟು ಕೊಡಬೇಕು. ಆ ನೂಲಿನಷ್ಟು ಉದ್ದ ಬದುಕಲಿ ಎಂದು. ಎಲ್ಲ ಬಿಟ್ಟು ಬಂದವರ ಬಳಿ ನೂಲೆಲ್ಲಿ? ಒಬ್ಬಳು ಸ್ವೆಟರಿನ ತೋಳು ಬಿಚ್ಚಿದಳು. ಒಬ್ಬಳು ಪರಿಹಾರದ ಹಿಟ್ಟಿನ ಮೂಟೆಯ ಹುರಿ ಬಿಚ್ಚಿ ಕೊಟ್ಟಳು. ಇಪ್ಪತ್ತೊಂಬತ್ತನೇ ಡೇರೆಯವಳು ಒಂದು ಕೆಂಪು ದಾರ ಕೊಟ್ಟಳು, ಕಡುಬು ಮಾತ್ರ ಬೇಡವೆಂದಳು.

ಕೂಸಿಗೆ ಸನ್‌ಹ್ವಾ ಎಂದು ಹೆಸರಿಟ್ಟರು. ಪಟ್ಟಿಯಲ್ಲಿ ಯಾಂಗ್ ಪಿಲ್ಯೊ ಎಂಬುದರ ಕೆಳಗೆ ಹೊಸ ಸಾಲು ಎಳೆದು ಬರೆದೆ.

"ಸನ್‌ಹ್ವಾ ಅಂತೆ ಸನ್‌ಹ್ವಾ," ಎಂದಳು ಅಜ್ಜಿ. "ಲೇ ತಿಪ್ಪಿ, ಇಲ್ಲಿ ನೋಡೇ." ಕೂಸು ಅವಳನ್ನು ನೋಡಿ ನಕ್ಕಿತು.

ಕೊನೆಗೆ ತಟ್ಟೆ ನನ್ನ ಮುಂದೆ ಬಂದು ನಿಂತಿತು. ಮಾರ್ಚ್ ಇಪ್ಪತ್ತೈದರಂದು ದಾಟಿ ಹೋದ ಅದೇ ತವರದ ತಟ್ಟೆ, ಸಭೆಯಿಂದ ಎರವಲು ತಂದದ್ದು. "ತಗೊಳ್ಳಿ ದೊಡ್ಡಮ್ಮ" ಎಂದಳು ಪಿಲ್ಯೊ. ತೆಗೆದುಕೊಂಡೆ. ಬಾಯಲ್ಲಿಟ್ಟುಕೊಂಡೆ. ಆಮೇಲೆ ತಟ್ಟೆಯಲ್ಲಿಡಲು ಏನಿದೆ ಎಂದು ನೋಡಿಕೊಂಡೆ. ಸೊಂಟದಲ್ಲಿ ಚೀಲವಿತ್ತು. ಅದರ ಬಾಯಿಯ ಮಡಿಕೆಯಲ್ಲಿ ಹೊಲಿಗೆಯ ತುದಿ ಹುಡುಕಿ ಮೆಲ್ಲಗೆ ಎಳೆದೆ. ಒಂದೂ ಗಂಟಿಲ್ಲದೆ ಬಂತು. ಸುತ್ತಲೂ ಒಂದೇ ದಾರದಲ್ಲಿ ಹೊಲಿದಿದ್ದಿರಿ, ಅತ್ತೆ. ನನ್ನ ಎರಡು ತೋಳು ಚಾಚಿದರೂ ಮುಗಿಯಲಿಲ್ಲ, ಅಜ್ಜಿ ಇನ್ನೊಂದು ತುದಿ ಹಿಡಿದುಕೊಂಡಳು. ಚೀಲವನ್ನು ನಾಳೆ ಬೇರೆ ದಾರದಲ್ಲಿ ಹೊಲಿದುಕೊಳ್ಳುತ್ತೇನೆ, ಬೆಳಿಗ್ಗೆ ಬೇಕು.

ನಿಮ್ಮನ್ನು ಹೊರಗಿಟ್ಟ ಆ ಆರು ತಿಂಗಳು ನಾನು ಒಂದು ಸಲವೂ ಹಿಂದಿರುಗಿ ನೋಡಲಿಲ್ಲ, ಆದ್ದರಿಂದ ನನಗೆ ಗೊತ್ತಿಲ್ಲ. ಕಳೆದ ತಿಂಗಳು ನನ್ನ ಸರದಿ ಬಂದಾಗ ಎಲ್ಲಿ ನೋಡಬೇಕೆಂದು ತಿಳಿಯದೆ ನನ್ನ ಕೈಗಳನ್ನೇ ನೋಡುತ್ತ ಕೂತೆ. ತಟ್ಟೆ ನಿಮ್ಮನ್ನು ದಾಟಿ ಹೋಗುವಾಗ ನೀವು ಎಲ್ಲಿ ನೋಡುತ್ತಿದ್ದಿರಿ, ಅತ್ತೆ?